ಎರಡು ಗಡಿಯಾರದ ಅಪ್ಪಾಸಾಹೇಬ ಕಾಕಾ

ಅಪ್ಪಾಸಾಹೇಬ ಕಾಕಾ ಎರಡೂ ಕೈಗೆ ಗಡಿಯಾರ ಕಟ್ಟುತ್ತಿದ್ದರು. ಒಂದು ನಿಂತರೆ ಇನ್ನೊಂದು ನಡೆದಿರುತ್ತದೆ ಎಂಬ ಧೈರ್ಯ. ಎರಡೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಅದರ ಚಿಂತೆ ನನ್ನ ಪಾಲಿಗಿತ್ತು.

ಹುಕ್ಕೇರಿಯ ಅವರ ಅಂಗಡಿಯಲ್ಲಿ ನಾವಿಬ್ಬರೂ ಡೇರಿಗಳಿಗೆ ಹಾಲಿನ ಲೆಕ್ಕದ ಮಶೀನು ಮಾಡುತ್ತಿದ್ದೆವು. ಪೆಟ್ಟಿಗೆ ಅವರದು, ಪ್ರೋಗ್ರಾಂ ನನ್ನದು. ಮಶೀನಿಗೆ ಇದ್ದದ್ದು ಒಂದೇ ಯುಎಸ್‌ಬಿ ಕಿಂಡಿ. ಕರೆಂಟು ಬಂದೊಡನೆ ಮೊದಲು ಏಳುವ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂನಲ್ಲಿ ಅದರ ಪಾತ್ರ ಗೊತ್ತುಮಾಡಬೇಕಿತ್ತು: ಪೆನ್‌ಡ್ರೈವಿಗೆ ‘ನೀನ್ಯಾರು’ ಎಂದು ಕೇಳುವುದೋ, ಕಂಪ್ಯೂಟರಿಗೆ ‘ನಾನಿಂಥವನು’ ಎಂದು ಹೇಳುವುದೋ.

“ಒಂದs ಆರಿಸ್ರಿ, ಕಾಕಾ.”

“ಎರಡೂ ಇರ್ಲಿ ತಗೋಪಾ. ಏನ್ ಭಾರ ಅಕ್ಕೈತಿ?”

ಎರಡನ್ನೂ ಇಟ್ಟೆ: ಏಳುವಾಗ ಬೂಟ್‌ಲೋಡರ್ ಕೇಳುವುದು, ಪೂರ್ತಿ ಎದ್ದ ಮೇಲೆ ದೊಡ್ಡ ಪ್ರೋಗ್ರಾಂ ಹೇಳುವುದು.

ಮಮದಾಪುರದ ಡೇರಿಯವರು ನೋಡೋಣ ಎಂದು ಒಂದು ಮಶೀನು ಇರಿಸಿಕೊಂಡರು. ಅದು ನಡೆದರೆ ಅಂಗಡಿ ನಡೆಯುತ್ತಿತ್ತು. ಒಂದು ದಿನ ನಾವಿಬ್ಬರೂ ಅಲ್ಲಿಗೆ ಹೋಗಿ ಹೊಸ ಪ್ರೋಗ್ರಾಂ ತುಂಬುವಾಗ ಕರೆಂಟು ಹೋಯಿತು. ಬಂದ ಮೇಲೆ ಮಶೀನು ಏಳಲಿಲ್ಲ; ಪೆನ್‌ಡ್ರೈವಿನಿಂದ ಓದುವ ಭಾಗವೂ ಅರ್ಧಕ್ಕೆ ನಿಂತ ಪ್ರೋಗ್ರಾಂನಲ್ಲೇ ಇತ್ತು. ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಪರದೆಯ ಮೇಲೆ ಏನೂ ಕಾಣಲಿಲ್ಲ. ಹೊರಗೆ ಸಂಜೆಯ ಹಾಲಿನ ಕ್ಯಾನುಗಳ ಸಾಲು.

“ಅದೂ ಕೇಳಾಕತ್ತೈತಿ, ಕಂಪ್ಯೂಟರೂ ಕೇಳಾಕತ್ತೈತಿ, ಕಾಕಾ. ಹೇಳಾವ್ರ ಯಾರೂ ಇಲ್ಲ.”

“ಎರಡೂ ಕಡಿಂದ ಗಂಡಿನವ್ರs ಬಂದು ಕುಂತಂಗಾತಲ್ಲೋ! ಅದಕ್ಕ ಕೇಳೂದ ಬಿಡು ಅಂತ ಹೇಳು.”

ಹಾಗೆ ಹೇಳುವುದಿದ್ದರೂ ಆ ಕಿಂಡಿಯಿಂದಲೇ ಹೇಳಬೇಕಿತ್ತು. ಮಶೀನಿನೊಳಗಿನ ಚಿಪ್‌ಗೆ ನೇರ ಬರೆಯುವ ಸಾಧನ ನಮ್ಮಲ್ಲಿರಲಿಲ್ಲ.

“ಏನ್ರಿ, ನಿಮ್ಮ ಮಶೀನ್ ಹಾಲ ಕುಡದು ಮಲಗೈತೇನ್ರಿ?” ಎಂದರು ಡೇರಿಯ ಸೆಕ್ರೆಟರಿ. ನಾನು ವಾಯರು ತಿರುವುತ್ತ ಕೂತೆ. ಕೇಳಿದವರಿಗೆಲ್ಲ ಕಾಕಾ ಒಬ್ಬರೇ ಉತ್ತರ ಹೇಳಿದರು. ಹಾಲನ್ನು ಮೊದಲಿನಂತೆ ಮಾಪಿನಲ್ಲಿ ಅಳೆದರು. ಮಶೀನು ನಮ್ಮ ತೊಡೆಯೇರಿ ವಾಪಸು ಹೊರಟಿತು.

ಗೋಕಾಕದಲ್ಲಿ ಬಸ್ಸು ಹತ್ತಿ ಕಾಕಾ ರೊಟ್ಟಿಯ ಗಂಟು ಬಿಚ್ಚಿದರು. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರು ಅವರು. ಮೋಡ ಕವಿದಿತ್ತು. ಗಡಿಯಾರಗಳನ್ನು ನೋಡಿಕೊಂಡರು. “ಎಡಗೈಯಾಗ ಇನ್ನೂ ಹೊತ್ತೈತಿ. ಬಲಗೈಯಾಗ ಮುಳಗೇತಿ.” ಅಂದು ಮಾತ್ರ ‘ಎರಡೂ ಇರ್ಲಿ’ ಎನ್ನಲಿಲ್ಲ. ಗಂಟು ಕಟ್ಟಿ ನನ್ನ ಕೈಗಿಟ್ಟರು. “ನೀ ಉಣ್ಣು.” ನಾನು ಗಂಟನ್ನು ಮಶೀನಿನ ಮೇಲಿಟ್ಟುಕೊಂಡೆ.

ಬೇರೆ ಡೇರಿಗಳಿಗೂ ಸುದ್ದಿ ಮುಟ್ಟಿತು. ಅಂಗಡಿ ಮುಚ್ಚಿ ಕಾಕಾ ಮೂಡಲಗಿಯ ಮಗಳ ಮನೆಗೆ ಹೋದರು. ಕೊನೆಯ ಸಲ ಕಂಡಾಗ ಆ ಮಶೀನನ್ನು ನನಗೆ ಕೊಟ್ಟು, ಎಡಗೈ ಗಡಿಯಾರವನ್ನೂ ಬಿಚ್ಚಿದರು.

“ಮಶೀನಷ್ಟ ಸಾಕ್ರಿ, ಕಾಕಾ.”

“ಎರಡೂ ಇರ್ಲಿ.”

ಮಶೀನು ಇಂದಿಗೂ ಎದ್ದಿಲ್ಲ. ಗಡಿಯಾರ ನಡೆದಿದೆ. ಮುಂದೆ ಓಡುತ್ತಿದೆಯೋ ಹಿಂದೆ ಬಿದ್ದಿದೆಯೋ ತಾಳೆ ನೋಡಲು ಬಲಗೈಯ ಗಡಿಯಾರವಿಲ್ಲ; ಕಾಕಾ ತೀರಿಕೊಂಡ ಮೇಲೆ ಅದು ಎಲ್ಲಿ ಹೋಯಿತೋ ತಿಳಿಯದು.