ಗಟ್ಟಿಮೇಳದ ಕೈ

ಅಮೃತೂರಿನ ಅಂಜನ್‌ಕುಮಾರ ಇಂಗ್ಲಿಷ್ ಹಾಡಿಗೆ ಡ್ರಮ್ಸ್ ಬಾರಿಸುವವನಾದದ್ದಕ್ಕೆ ಕಾರಣ ಬೇರೆಯವರ ಮದುವೆ. ಮದುಮಗ ಶ್ರೀಕರ ತುಮಕೂರಿನ ಶೆಟ್ಟಿಹಳ್ಳಿಯವನು, ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವವನು. ಪುರೋಹಿತರು ಮಂತ್ರ ಹೇಳಿಕೊಡುತ್ತಿದ್ದರೆ ಈ ಪುಣ್ಯಾತ್ಮನ ಕಿವಿಯೆಲ್ಲ ಓಲಗದವರ ಕಡೆಗೇ ಇತ್ತು. ತಾಳಿಗೆ ಮೂರು ಗಂಟು ಹಾಕಿದನೋ ಎರಡಕ್ಕೇ ಬಿಟ್ಟನೋ ಎಂದು ಅವನ ಹೆಂಡತಿಗೆ ಇವತ್ತಿಗೂ ಅನುಮಾನ. ಧಾರೆ ಮುಗಿದದ್ದೇ ತಡ, ಬಾಸಿಂಗವನ್ನೂ ಬಿಚ್ಚದೆ ಡೋಲು ಬಾರಿಸುತ್ತಿದ್ದ ಅಂಜನ್‌ಕುಮಾರನ ಹತ್ತಿರ ಬಂದು, "ನೀವು ಡ್ರಮ್ಸ್ ನುಡಿಸ್ತೀರಾ?" ಎಂದು ಕೇಳಿದ.

"ಇಲ್ಲ ಸಾರ್, ಡೋಲು ಅಷ್ಟೇಯ."

"ಸಾಕು ಬಿಡಿ. ಭಾನುವಾರ ನಮ್ಮನೇಗೆ ಬನ್ನಿ."

ಮದುವೆಯಾದ ವಾರದಲ್ಲೇ ಡೋಲಿನವನನ್ನು ಮನೆಗೆ ಕರೆಯುವ ಮದುಮಗನನ್ನು ಅಂಜನ್‌ಕುಮಾರ ಅದುವರೆಗೆ ಕಂಡಿರಲಿಲ್ಲ. ಅವನೇನು ಬರೀ ಡೋಲಿನವನಲ್ಲ. ಕುಣಿಗಲ್ಲಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ಮುಹೂರ್ತದ ದಿನ ಬಂದರೆ ಮಾತ್ರ ರಜೆ ಹಾಕಿ ಅಪ್ಪನ ಜೊತೆ ಹೊರಡುವನು. ಅಪ್ಪ ಚಿಕ್ಕರಂಗಯ್ಯನದು ನಾಗಸ್ವರ, ಮಗನದು ಡೋಲು. ಅವರಿಬ್ಬರೂ ನುಡಿಸದ ಛತ್ರ ಆ ಕಡೆ ಉಳಿದಿಲ್ಲ.

ಭಾನುವಾರ ಶೆಟ್ಟಿಹಳ್ಳಿಯ ಮನೆಯಲ್ಲಿ ಶ್ರೀಕರನ ತಂದೆ ಸೀತಾರಾಮಯ್ಯನವರು ಹಳೆಯ ರೆಕಾರ್ಡೊಂದನ್ನು ಮಗುವಿಗೆ ಸ್ನಾನ ಮಾಡಿಸಿ ಒರೆಸುವಷ್ಟು ಜೋಪಾನವಾಗಿ ಒರೆಸಿ, ಬಿ ಸೈಡಿಗೆ ತಿರುಗಿಸಿ ಹಾಕಿದರು. ಎಪ್ಪತ್ತರ ದಶಕದ ಒಂದು ಇಂಗ್ಲಿಷ್ ಬ್ಯಾಂಡಿನದು. ಪ್ರೋಗ್ರೆಸಿವ್ ರಾಕ್ ಎಂದು ಆ ಬಗೆಯ ಸಂಗೀತಕ್ಕೆ ಹೆಸರು. ಆ ಸೈಡಿನ ತುಂಬ ಇದ್ದದ್ದು ಒಂದೇ ಹಾಡು. ಮೆಲ್ಲಗೆ ಶುರುವಾಗಿ, ಏಳೇಳು ಪೆಟ್ಟಿನಲ್ಲಿ ಓಡಿ, ಮುರಿದು ಬಿದ್ದು, ನಡುವೆ ಒಂದು ಕಡೆ ಸತ್ತೇಹೋಯಿತೇನೋ ಎಂಬಂತೆ ಸುಮ್ಮನಾಗಿ, ಆಮೇಲೆ ಎಲ್ಲವನ್ನೂ ಕರೆದುಕೊಂಡು ಎದ್ದು ಬಂತು. ಅಂಜನ್‌ಕುಮಾರನ ಕೈಯಲ್ಲಿದ್ದ ಕಾಫಿ ಕೆನೆಗಟ್ಟಿತ್ತು.

"ಸಾರ್, ಇದ್ನ ಮನುಷ್ಯರೇ ನುಡಿಸಿದ್ದಾ?"

ಸೀತಾರಾಮಯ್ಯನವರಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. "ಕಾಲೇಜಿಗೆ ಹೋಗೋ ವಯಸ್ಸಿಂದ ನಾನೂ ಅದನ್ನೇ ಕೇಳ್ಕೋತಾ ಇದೀನಪ್ಪ. ಎದುರಿಗೆ ಕೂತು ಕೇಳ್ಬೇಕು ಅಂತ ಆಸೆ. ಆ ಬ್ಯಾಂಡಿನವರಲ್ಲಿ ಅರ್ಧ ಜನ ಹೋಗ್ಬಿಟ್ರು."

ಅಪ್ಪನ ಆ ಆಸೆಗೇ ಶ್ರೀಕರ ಬ್ಯಾಂಡು ಕಟ್ಟಿದ್ದು. ಹೆಸರು 'ಸೈಡ್ ಬಿ'. ಅದಕ್ಕೆ ಡ್ರಮ್ಸಿನವನೊಬ್ಬ ಬೇಕಿತ್ತು; ಅಂಜನ್‌ಕುಮಾರ ಡೋಲಿನ ಕೈಯಲ್ಲೇ ಡ್ರಮ್ಸ್ ಕಲಿತು ಸೇರಿಕೊಂಡ. ಇವರಿಗೆ ಸ್ವಂತ ಹಾಡೆಂಬುದಿಲ್ಲ; ಆ ಬ್ಯಾಂಡಿನ ಹಾಡುಗಳನ್ನೇ ಒಂದು ಸ್ವರ ಆಚೀಚೆಯಾಗದಂತೆ ನುಡಿಸುವುದು, ಅದೇ ಇವರು ಸಲ್ಲಿಸುವ ಗೌರವ. ಆದರೆ ಇವರಲ್ಲಿ ಒಬ್ಬರಾದರೂ ರಾಕ್ ಕಲಿತು ಬಂದವರಿರಬೇಕಲ್ಲ! ಶ್ರೀಕರ ತಾಯಿ ಕಮಲ ಅವರಿಂದ ವೀಣೆ ಕಲಿತವನು. ಗಿಟಾರಿನ ತಂತಿಯನ್ನು ಸುಮ್ಮನೆ ಮೀಟು ಎಂದರೆ ಎಳೆದು ಗಮಕ ಹಾಕುತ್ತಾನೆ. ಹಾಡುವ ಗುರುಪ್ರಸಾದ್ ಕುಣಿಗಲ್ಲಿನ ವಕೀಲ, ಭಜನಾ ಮಂಡಳಿಯ ಗಂಟಲು. ಒಂದು ಸಾಲು ಹೇಳಿ, ಎದುರಿನವರು ತಿರುಗಿ ಹೇಳಲಿ ಎಂದು ಕಾಯುತ್ತಾನೆ. ಕೀಬೋರ್ಡಿನ ಮೈತ್ರೇಯಿ ಗುಬ್ಬಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟವಳು, ತಾತನಿಂದ ಹಾರ್ಮೋನಿಯಂ ಕಲಿತವಳು. ಕೀಬೋರ್ಡಿಗೆ ಗಾಳಿ ಹಾಕಬೇಕಿಲ್ಲ ಎಂಬುದನ್ನು ಅವಳ ಎಡಗೈ ಇನ್ನೂ ಪೂರ್ತಿ ನಂಬಿಲ್ಲ. ಇಂಥವರೆಲ್ಲ ಸೇರಿ ಸೀಮೆಯಾಚೆಯ ಆ ಸಂಗೀತವನ್ನು ಎಬ್ಬಿಸಿ ನಿಲ್ಲಿಸುವಾಗ ಅಂಜನ್‌ಕುಮಾರನಿಗೆ ಮೈ ಜುಮ್ಮೆನ್ನುತ್ತಿತ್ತು. ಆ ಏಳರ ನಡೆ ಅವನಿಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಆ ಸುಮ್ಮನಿರುವ ಜಾಗ.

ಅಲ್ಲಿ ಮೈತ್ರೇಯಿಯ ಕೀಬೋರ್ಡಿನ ಒಂದೆರಡು ಸ್ವರ ಬಿಟ್ಟರೆ ಉಳಿದದ್ದೆಲ್ಲ ಮೌನ. ಡ್ರಮ್ಸಿನವನು ಕೈಕಟ್ಟಿ ಕೂರಬೇಕು. ಪ್ರ್ಯಾಕ್ಟೀಸಿನಲ್ಲಿ ಹೇಗೋ ಹಲ್ಲುಕಚ್ಚಿ ಕೂತಿರುತ್ತಿದ್ದ. ಗುಬ್ಬಿಯ ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ ಮೊದಲ ಕಾರ್ಯಕ್ರಮ. ಸರಿಯಾಗಿ ಅದೇ ಮೌನದಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಗಟ್ಟಿಯಾಗಿ ಸೀನಿಬಿಟ್ಟರು. ಅಷ್ಟೇ! ಅಂಜನ್‌ಕುಮಾರನ ಎರಡೂ ಕೈ ಅವನನ್ನು ಒಂದು ಮಾತೂ ಕೇಳದೆ ಗಟ್ಟಿಮೇಳ ಬಾರಿಸತೊಡಗಿದವು. ಸಭೆಗೆ ಹಬ್ಬವೋ ಹಬ್ಬ. ಹುಡುಗರು ಪೇಪರು ಹರಿದು ಅಕ್ಷತೆ ಮಾಡಿ ಎಸೆದರು. ಮೈತ್ರೇಯಿ ನಗು ತಡೆಯಲಾರದೆ ಕೀಬೋರ್ಡಿನ ಮೇಲೆ ಬಾಗಿಕೊಂಡಳು. ಸೀತಾರಾಮಯ್ಯನವರು ಮಾತ್ರ ತಲೆ ತಗ್ಗಿಸಿ ಕೂತಿದ್ದರು, ಅಂಜನ್‌ಕುಮಾರ ಅದನ್ನು ಕಂಡ.

ವಾಪಸು ಬರುವಾಗ ಕಾರಿನಲ್ಲಿ ಶ್ರೀಕರ ಹೇಳಿದ: "ತುಮಕೂರಿನ ಶೋನಲ್ಲಿ ಇನ್ನೊಂದ್ಸಲ ಟ್ರೈ ಮಾಡೋಣ. ಆಗ್ಲಿಲ್ಲ ಅಂದ್ರೆ ಆ ಹಾಡು ಬಿಟ್ಟುಬಿಡೋಣ. ಕೆಡಿಸಿ ನುಡಿಸೋದಕ್ಕಿಂತ ನುಡಿಸದೇ ಇರೋದು ವಾಸಿ."

ಬೈದಿದ್ದರೆ ಅಂಜನ್‌ಕುಮಾರನಿಗೆ ಇಷ್ಟು ನೋವಾಗುತ್ತಿರಲಿಲ್ಲ. ದೇವರಂಥ ಹಾಡು ತನ್ನ ಕೈಯಿಂದಲೇ ಕೈತಪ್ಪುತ್ತಿದೆ, ಸೀತಾರಾಮಯ್ಯನವರ ಆಸೆಯೂ ಅದರ ಜೊತೆ ಹೋಗುತ್ತದೆ. ಮನೆಗೆ ಬಂದವನು ಅನ್ನ ಸೇರದೆ ಜಗಲಿಯಲ್ಲಿ ಕೂತ. ಅಪ್ಪ ಬಂದು ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿದ.

"ಅಲ್ಲಪ್ಪಾ, ನಾವ್ಯಾಕೆ ಗಟ್ಟಿಮೇಳ ಹೊಡೀಬೇಕು?" ಎಂದ ಅಂಜನ್‌ಕುಮಾರ.

"ಯಾಕೆ ಅಂದ್ರೆ? ತಾಳಿ ಕಟ್ಟೋವಾಗ ಸೀನು, ಅಳು, ಕೆಟ್ಟ ಮಾತು, ಒಂದೂ ಗಂಡುಹೆಣ್ಣಿನ ಕಿವಿಗೆ ಬೀಳ್ಬಾರ್ದು. ಅದ್ಕೆ ಅಡ್ಡ ನಿಂತ್ಕೊಳೋರು ನಾವು." ಚಿಕ್ಕರಂಗಯ್ಯ ಎದ್ದುಹೋಗಿ ಎಲೆ ಅಡಿಕೆ ಉಗಿದು ಬಂದ. "ನಿಮ್ ಆಟದಲ್ಲಿ ಯಾರಿಗ್ಲಾ ಮದ್ವೆ ಆಯ್ತಾ ಐತೆ?"

"ಯಾರ್ಗೂ ಇಲ್ಲ."

"ಹಂಗಾರೆ ಬುಡ್ಲಾ. ಏನ್ ಸಬ್ದ ಬತ್ತದೋ ಬರ್ಲಿ. ಯಾರ್ಗೂ ಏನೂ ಆಗಾಕಿಲ್ಲ."

ಇಷ್ಟು ವರ್ಷ ಆ ಮಾತು ಹೇಳಿದವರೇ ಇರಲಿಲ್ಲ. ಅಂಜನ್‌ಕುಮಾರ ಎದ್ದು ಹೋಗಿ ಉಂಡ.

ತುಮಕೂರಿನ ಸಭಾಂಗಣ ಆ ಸಂಜೆ ತುಂಬಿತ್ತು. ಹಾಡು ಓಡಿತು, ಮುರಿಯಿತು, ಮೌನಕ್ಕೆ ಬಂತು. ಅಂಜನ್‌ಕುಮಾರ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡ. ಯಾರೋ ಕೆಮ್ಮಿದರು. ಕೈ ಮಿಡುಕಿತು, ಏಳಲಿಲ್ಲ. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆಯಿತು. ಒಂದು ಮಗು, "ಅಮ್ಮಾ, ಮುಗೀತಾ?" ಎಂದಿತು. ಅವೆಲ್ಲ ಬಂದು ಮೈತ್ರೇಯಿಯ ಆ ಒಂದೆರಡು ಸ್ವರಗಳ ಪಕ್ಕದಲ್ಲಿ ತಣ್ಣಗೆ ಕೂತವು. ಯಾರಿಗೂ ಏನೂ ಆಗಲಿಲ್ಲ. ಅಷ್ಟು ಜನ ಒಟ್ಟಿಗೆ ಉಸಿರಾಡುವುದು ಕೇಳಿಸುತ್ತಿತ್ತು. ಹುಟ್ಟಿದಾಗಿನಿಂದ ಸಭೆಗಳಲ್ಲೇ ಬೆಳೆದವನು ಅವನು. ಒಂದು ಸಭೆ ಸುಮ್ಮನೆ ಕೂತರೆ ಹೇಗೆ ಕೇಳಿಸುತ್ತದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅದನ್ನು ಮುಚ್ಚುವುದೇ ಅಲ್ಲವೇ ಅವನ ಕೆಲಸವಾಗಿದ್ದುದು! ಬೆರಗಿನಲ್ಲಿ ಅವನ ಕಣ್ಣು ತುಂಬಿ ಬಂತು.

ಹಾಗೆ ಬೆರಗಾಗಿ ಕೂತವನು ತಾನು ಮತ್ತೆ ಬಾರಿಸಲು ಶುರುಮಾಡಬೇಕಾದ ಜಾಗವನ್ನೇ ಮರೆತ.

ಶ್ರೀಕರ ಗಾಬರಿಯಿಂದ ಹಿಂದಕ್ಕೆ ತಿರುಗಿ ನೋಡಿದ. ಆದರೆ ಮೈತ್ರೇಯಿ ಬೆಚ್ಚಲಿಲ್ಲ. ನಾಟಕದಲ್ಲಿ ಪಾತ್ರಧಾರಿ ಪರದೆಯ ಹಿಂದಿನಿಂದ ಬರುವುದು ತಡವಾದರೆ ಹಾರ್ಮೋನಿಯಂನವರು ಹಿಂದಿನ ಸ್ವರಗಳನ್ನೇ ಸುತ್ತಿ ಸುತ್ತಿ ನುಡಿಸುತ್ತ ಕಾಯುತ್ತಾರೆ. ತಾತನ ಪಕ್ಕ ಕೂತು ಅದನ್ನು ಕಂಡವಳು ಅವಳು. ಹಿಂದಕ್ಕೆ ಹೋಗಿ ಅವೇ ಸ್ವರಗಳನ್ನು ಮತ್ತೆ ನುಡಿಸಿದಳು. ಅಂಜನ್‌ಕುಮಾರ ಬರಲಿಲ್ಲ. ಮತ್ತೆ ನುಡಿಸಿದಳು, ಇನ್ನೂ ಮೆಲ್ಲಗೆ. ಸಭೆ ಕುರ್ಚಿಯ ತುದಿಗೆ ಬಂದು ಕೂತಿತ್ತು. ಆಗ ಅವಳ ಕಡೆ ನೋಡಿ, ಎಚ್ಚೆತ್ತು, ಅವನು ಕೋಲು ಎತ್ತಿದ. ಆಮೇಲೆ ಎದ್ದು ಬಂದ ಹಾಡನ್ನು ಕೇಳಿದವರು ಇವತ್ತಿಗೂ ಅದರ ಮಾತೇ ಆಡುತ್ತಾರೆ.

ಮುಗಿದ ಮೇಲೆ ಸೀತಾರಾಮಯ್ಯನವರು ವೇದಿಕೆಯ ಹಿಂದಕ್ಕೆ ಬಂದರು. ಆ ರೆಕಾರ್ಡಿನ ಒಂದೊಂದು ಗೀರೂ ಬಲ್ಲವರು. ಅವರಿಂದ ಮುಚ್ಚಿಡುವುದು ಸಾಧ್ಯವೇ? ಅಂಜನ್‌ಕುಮಾರ ತಾನೇ ಕೈಮುಗಿದ.

"ತಪ್ಪಾಯ್ತು ಸಾರ್. ಕೇಳ್ತಾ ಕೇಳ್ತಾ ನುಡಿಸೋದೇ ಮರ್ತೋದೆ. ರೆಕಾರ್ಡಲ್ಲಿ ಇದ್ದಂಗೆ ಬರ್ಲಿಲ್ಲ."

ಸೀತಾರಾಮಯ್ಯನವರು ಅವನ ಎರಡೂ ಕೈಗಳನ್ನು ಹಿಡಿದುಕೊಂಡರು.

"ರೆಕಾರ್ಡಲ್ಲಿ ಆ ಸುಮ್ಮನಿರೋ ಜಾಗ ಬಂತು ಅನ್ನೋಷ್ಟ್ರಲ್ಲಿ ಮುಗ್ದೇ ಹೋಗುತ್ತಪ್ಪ. ಇನ್ನೊಂಚೂರು ಇರ್ಬಾರ್ದಾ ಅಂತ ಪ್ರತಿ ಸಲ ಅನ್ಕೋತಿದ್ದೆ," ಎಂದರು. "ಮುಂದಿನ ಸಲಾನೂ ಮರ್ತುಬಿಡು."

ಪಕ್ಕದಲ್ಲಿ ನಿಂತಿದ್ದ ಶ್ರೀಕರ ಹೌದೆಂದು ತಲೆಯಾಡಿಸಿದ. ಅಂಜನ್‌ಕುಮಾರ ಕೈ ಬಿಡಿಸಿಕೊಳ್ಳದೆ ಅಲ್ಲೇ ನಿಂತು ಅತ್ತುಬಿಟ್ಟ.