ಉಳಿದ ಒಂದು ಶನಿವಾರ

ಕಳೆದ ತಿಂಗಳು ಅವ್ವನ ಮಿಕ್ಸರ್ ರಿಪೇರಿ ಮಾಡಿಸಲು ಕುರ್ಲಾಕ್ಕೆ ಹೋಗಿದ್ದೆ. ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಕರೆಂಟಿನ ಸಾಮಾನು ಕೊಂಡು, ಸರಿಮಾಡಿ ಮಾರುವ ಅಂಗಡಿ ಅದು. ನನ್ನ ಸರದಿಗೆ ಕಾಯುತ್ತ ನಿಂತಿದ್ದಾಗ ಅಂಗಡಿಯವನು ಮೂಲೆಯಲ್ಲಿದ್ದ ಮಾನಿಟರ್ ಒಂದನ್ನು, ಹಿಂದೆ ದೊಡ್ಡ ಗೂನು ಇರುತ್ತಿತ್ತಲ್ಲ ಅಂಥದ್ದನ್ನು, ಮೇಜಿನ ಮೇಲೆ ಎತ್ತಿಟ್ಟು ಪ್ಲಗ್ ಚುಚ್ಚಿದ. ಸ್ವಲ್ಪ ಹೊತ್ತಿಗೆ ಅದರೊಳಗಿನ ಧೂಳು ಬಿಸಿಯಾಗಿ ಸುಡುವ ವಾಸನೆ ಬಂತು. ಒಣಗಿದ, ಗಂಟಲಿಗೆ ಹತ್ತುವ ವಾಸನೆ. ಇಪ್ಪತ್ತೆರಡು ವರ್ಷಗಳಿಂದ ಅದು ನನ್ನ ಮೂಗಿಗೆ ಬಿದ್ದಿರಲಿಲ್ಲ. ಮೊದಲು ಬಂದದ್ದು ನೆನಪಲ್ಲ, ಸಿಟ್ಟು. ಯಾರ ಮೇಲಿನ ಸಿಟ್ಟು ಎಂಬುದು ಆಮೇಲೆ ನೆನಪಾಯಿತು…

ಎದುರು ಮನೆಯ ಅಕ್ಕ.

ಮುಲುಂಡಿನ ಹಳೆಯ ಬಿಲ್ಡಿಂಗಿನ ನಾಲ್ಕನೆಯ ಮಾಳಿಗೆಯಲ್ಲಿ ನಮ್ಮದೂ ಅವರದೂ ಎದುರುಬದುರು ಬಾಗಿಲು. ನಾವು ವಿಜಯಪುರದ ಕಡೆಯವರು. ಅಪ್ಪ ಒಂದು ಸಾರಿಗೆ ಕಂಪನಿಯಲ್ಲಿ ಗುಮಾಸ್ತರಾಗಿದ್ದರು. ಅವರು ಕುಂದಾಪುರದ ಕಡೆಯವರು. ಮನೆಯಲ್ಲಿ ಅಕ್ಕ ಮತ್ತು ಅವಳ ಅಪ್ಪ, ಇಬ್ಬರೇ. ಅವಳ ಅಮ್ಮ ಬಹಳ ಹಿಂದೆಯೇ ತೀರಿಕೊಂಡಿದ್ದರಂತೆ. ಅವಳ ಅಪ್ಪ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. ಅಕ್ಕ ಅಂಧೇರಿಯಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಆಫೀಸಿಗೆ ಹೋಗುತ್ತಿದ್ದಳು. ಅವಳಿಗೆ ಆಗ ಇಪ್ಪತ್ತಮೂರು, ನನಗೆ ಹದಿನಾಲ್ಕು. ಆಫೀಸಿನವರು ತೆಗೆದುಹಾಕಿದ ಒಂದು ಕಂಪ್ಯೂಟರನ್ನು ಅವಳು ಮನೆಗೆ ತಂದಿದ್ದಳು. ನಮ್ಮ ಮಾಳಿಗೆಗೆ ಬಂದ ಮೊದಲ ಕಂಪ್ಯೂಟರ್ ಅದೇ.

ನಾನು ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಎಂಟನೆಯದಕ್ಕೆ ಅಪ್ಪ ಇಂಗ್ಲಿಷ್ ಶಾಲೆಗೆ ಹಾಕಿದರು. ಅಲ್ಲಿ ನನ್ನನ್ನು ಎಬ್ಬಿಸಿ ಪಾಠ ಓದಿಸಿದಾಗಲೆಲ್ಲ ಹಿಂದಿನ ಬೆಂಚುಗಳಲ್ಲಿ ನಗು ಹರಿಯುತ್ತಿತ್ತು. ಒಂದು ವರ್ಷ ಹಾಗೆಯೇ ಕಳೆಯಿತು. ಒಂಬತ್ತನೆಯ ತರಗತಿಯ ಮೊದಲ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿ, ಮನೆಗೆ ಹೋಗಲು ಧೈರ್ಯವಿಲ್ಲದೆ ಮೆಟ್ಟಿಲ ಮೇಲೆ ಕೂತಿದ್ದೆ. ಅಕ್ಕ ಬಂದಳು. ನನ್ನ ಕೈಯಲ್ಲಿದ್ದ ಪ್ರಗತಿಪತ್ರವನ್ನು ಓದಿದಳು. ಒಂದು ಆಟ ತೋರಿಸುತ್ತೇನೆ ಬಾ ಎಂದು ಒಳಗೆ ಕರೆದುಕೊಂಡು ಹೋದಳು.

ರೋಲ್ ಪ್ಲೇಯಿಂಗ್ ಎನ್ನುತ್ತಾರಲ್ಲ, ಆ ಜಾತಿಯ ಆಟ. ನಾವು ಯಾರಾಗಬೇಕೆಂದು ನಾವೇ ಆರಿಸಿಕೊಂಡು, ನಾಲ್ಕು ಜನರ ತಂಡ ಕಟ್ಟಿಕೊಂಡು, ಊರಿಂದೂರಿಗೆ ಹೋಗುತ್ತ, ಸಿಕ್ಕವರ ಜೊತೆ ಮಾತಾಡುತ್ತ, ಹೊಡೆದಾಡುತ್ತ ಕಥೆಯನ್ನು ಮುಗಿಸಬೇಕು. ಅದು ಒಂದು ಸರಣಿಯ ಎರಡನೆಯ ಭಾಗ. ಮೊದಲನೆಯದನ್ನು ಅಕ್ಕ ಕಾಲೇಜಿನ ದಿನಗಳಲ್ಲಿ ಗೆಳತಿಯ ಮನೆಯಲ್ಲಿ ಆಡಿದ್ದಳು. ಅವಳು ಕತ್ತಿ ಹಿಡಿಯುವವಳಾದಳು. ನನ್ನನ್ನು ವೈದ್ಯೆ ಮಾಡಿದಳು. ಮೂರನೆಯವನು ಬಿಲ್ಲುಗಾರ. ನಾಲ್ಕನೆಯವನೊಬ್ಬ ಸಿಡುಕು ಮೋರೆಯ ಕುಳ್ಳ. ಅವನಿಗೆ ನಮ್ಮ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿಯ ಹೆಸರಿಟ್ಟೆವು.

ಆ ಆಟದಲ್ಲಿ ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ. ಮಾತೆಲ್ಲ ಪರದೆಯ ಕೆಳಗೆ ಇಂಗ್ಲಿಷ್ ಸಾಲುಗಳಾಗಿ ಬರುತ್ತಿತ್ತು. ಅಕ್ಕ ಅದನ್ನು ತನ್ನೂರಿನ ಕನ್ನಡದಲ್ಲಿ ನನಗೆ ಹೇಳುತ್ತಿದ್ದಳು. ದೋಣಿ ನಡೆಸುವ ಮುದುಕ, "ಎಲ್ಲಿಗೆ ಹೊರಟದ್ದು ನೀವು? ಈಗ ಹೊಳೆ ದಾಟುದು ಕಷ್ಟ ಉಂಟು" ಎನ್ನುತ್ತಿದ್ದ. ರಾಜನೂ ಹಾಗೆಯೇ ಮಾತಾಡುತ್ತಿದ್ದ, ಮಾಟಗಾತಿಯೂ. ಕೆಲವು ವಾರ ಕಳೆದ ಮೇಲೆ, ಮೊದಲು ನೀನೇ ಓದು, ತಿಳಿಯದಿದ್ದರೆ ಮಾತ್ರ ನಾನು ಹೇಳುತ್ತೇನೆ ಎಂದಳು. ತಿಳಿಯದ ಪದಗಳನ್ನು ನೋಟ್‌ಬುಕ್ಕಿನಲ್ಲಿ ಬರೆಸಿದಳು. ಅವಳ ಕತ್ತಿಯವಳು ಹಿಂದೆ ಮುಂದೆ ನೋಡದೆ ನುಗ್ಗಿ ಪ್ರತಿ ಸಲ ಪೆಟ್ಟು ತಿನ್ನುತ್ತಿದ್ದಳು. ಅಕ್ಕ ನನ್ನ ಮೊಣಕೈ ತಿವಿದು, ಬೇಗ ಗುಣ ಮಾಡು ಮಾರಾಯ್ತಿ ಎಂದು ನಗುತ್ತಿದ್ದಳು. ನಾನು ಕೀಲಿ ಒತ್ತುತ್ತಿದ್ದೆ. ಪ್ರತಿ ಶನಿವಾರ ಮಧ್ಯಾಹ್ನ ಮೂರರಿಂದ ಆರರವರೆಗೆ… ಆ ವರ್ಷದ ಉಳಿದ ದಿನಗಳು ನನಗೆ ಅಷ್ಟಾಗಿ ನೆನಪಿಲ್ಲ.

ಒಮ್ಮೆ ಇಬ್ಬರಿಗೂ ವಾದವಾಯಿತು. ಮೊದಲ ಭಾಗವೇ ಚೆನ್ನ ಎಂದು ಅವಳು, ನಾನು ನೋಡಿಯೇ ಇರದ ಆ ಮೊದಲ ಭಾಗಕ್ಕಿಂತ ಇದೇ ಚೆನ್ನ ಎಂದು ನಾನು. ಕೊನೆಗೆ ಅವಳು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಯಾರಿಗಾದ್ರೂ ಮೊದಲು ಆಡಿದ್ದೇ ಇಷ್ಟ ಆಗುದು. ಆಟ ಒಳ್ಳೇದು ಅಂತ ಅಲ್ಲ. ಆಗ ನಮಗೆ ಬೇರೆ ಎಂತದೂ ಗೊತ್ತಿರುದಿಲ್ಲ ಅಲ್ವಾ, ಅದಕ್ಕೆ."

ಹತ್ತನೆಯ ತರಗತಿ ಶುರುವಾಗುವ ಹೊತ್ತಿಗೆ ನಾವು ಕಥೆಯ ಕೊನೆಯ ಕೋಟೆಯ ಬಾಗಿಲಿಗೆ ಬಂದಿದ್ದೆವು. ಆರು ಗಂಟೆಯಾಗಿತ್ತು. ಮುಂದಿನ ವಾರ ಮುಗಿಸೋಣ ಎಂದಳು. ಆ ವಾರವಿಡೀ ನಾನು ಕೋಟೆಯೊಳಗೆ ಏನಿರಬಹುದೆಂದು ಊಹಿಸುತ್ತ ಶಾಲೆಗೆ ಹೋಗಿ ಬಂದೆ. ಶನಿವಾರ ಮೂರಕ್ಕೆ ಸರಿಯಾಗಿ ಬೆಲ್ ಒತ್ತಿದೆ. ಬಾಗಿಲು ಒಂದು ಗೇಣು ತೆರೆಯಿತು. ಅಕ್ಕ ನನ್ನ ಮುಖ ನೋಡಲಿಲ್ಲ.

"ಅದು ಮುಗೀತು. ನಾನೇ ಮುಗಿಸಿದೆ. ನೀನು ಇನ್ನು ಬರುದು ಬೇಡ."

ನನಗೆ ಅರ್ಥವಾಗಲಿಲ್ಲ. ಯಾವಾಗ ಮುಗಿಸಿದೆ, ಕೊನೆಗೆ ಏನಾಯಿತು ಎಂದು ಕೇಳಿದೆ. ಅದರಲ್ಲಿ ಎಂತದೂ ಇಲ್ಲ, ಹೋಗಿ ಓದಿಕೋ ಎಂದು ಬಾಗಿಲು ಹಾಕಿದಳು. ಒಂದು ವರ್ಷ ಅವಳಿಗೆ ಬಿದ್ದ ಪ್ರತಿ ಪೆಟ್ಟನ್ನೂ ಗುಣಮಾಡಿದವಳು ನಾನು. ನನ್ನನ್ನು ಬಿಟ್ಟು ಅವಳು ಕೊನೆ ನೋಡಿದ್ದಳು. ಬೇರೆಯವರಿಗೆ ಇದು ಚಿಕ್ಕ ವಿಷಯ. ಹದಿನೈದರ ನನಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿರಲಿಲ್ಲ.

ನಾನು ಮಾತು ಬಿಟ್ಟೆ. ಲಿಫ್ಟಿನಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಿದ್ದೆ. ಹತ್ತನೆಯದರಲ್ಲಿ ಒಳ್ಳೆಯ ಅಂಕ ಬಂತು, ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಅಪ್ಪ ಕಂಪ್ಯೂಟರ್ ಕೊಡಿಸಿದರು. ನಾನು ಹಟದಿಂದ ಅದೇ ಸರಣಿಯ ಮೂರನೆಯ ಭಾಗ ತಂದು ಆಡಿದೆ, ಆಮೇಲೆ ನಾಲ್ಕನೆಯದು. ಸದ್ದು ಎದುರು ಮನೆಗೂ ಕೇಳಲಿ ಎಂದು ಬಾಗಿಲು ತೆರೆದಿಟ್ಟೇ ಆಡುತ್ತಿದ್ದೆ. ಒಂದು ದಿನ ಲಿಫ್ಟಿನಲ್ಲಿ ಅವಳೇ ಮೆಲ್ಲಗೆ, ಹೊಸ ಭಾಗ ಹೇಗುಂಟು ಎಂದು ಕೇಳಿದಳು. ಎರಡನೆಯದು ಮಕ್ಕಳಾಟ, ಇದರ ಮುಂದೆ ಅದು ಏನೂ ಅಲ್ಲ ಎಂದೆ. ಬೇಕೆಂದೇ ಇಂಗ್ಲಿಷಿನಲ್ಲಿ ಹೇಳಿದೆ. ಆ ಇಂಗ್ಲಿಷ್ ನನಗೆ ಎಲ್ಲಿಂದ ಬಂದದ್ದೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವಳು "ಹೌದಾ" ಎಂದು ನಕ್ಕು, ನೆಲ ನೋಡುತ್ತ ನಿಂತಳು.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ.

ನಾನು ಹನ್ನೊಂದನೆಯ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಇದ್ದೆ. ಬೆಲ್ ಆಯಿತು. ಬಾಗಿಲಿನ ಪುಟ್ಟ ಗಾಜಿನ ಕಿಂಡಿಯಲ್ಲಿ ನೋಡಿದೆ. ಅಕ್ಕ. ಬರಿಗಾಲು, ಬಿಚ್ಚಿದ ಕೂದಲು. ಮತ್ತೆ ಬೆಲ್ ಒತ್ತಿದಳು. ನನ್ನ ಹೆಸರು ಕೂಗಿದಳು. ಏನೋ ಆಗಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ; ಆದರೆ ಗೊತ್ತಾಯಿತು. ಈಗ ಇವಳೂ ನಿಲ್ಲಲಿ ಎಂದುಕೊಂಡೆ. ಮೂರನೆಯ ಸಲ ಬೆಲ್ ಆಗುವಾಗ ನಾನು ಒಳಕೋಣೆಗೆ ಹೋಗಿ ಕಂಪ್ಯೂಟರ್ ಮುಂದೆ ಕೂತಿದ್ದೆ.

ಆಮೇಲೆ ಮೆಟ್ಟಿಲ ಮೇಲೆ ಗದ್ದಲ ಕೇಳಿತು. ಅವತ್ತು ಲಿಫ್ಟ್ ಕೆಟ್ಟಿತ್ತು. ಮಾಳಿಗೆಯ ಉಳಿದ ಮನೆಗಳಿಗೆಲ್ಲ ಬೀಗ. ಅಕ್ಕ ನಾಲ್ಕು ಮಾಳಿಗೆ ಇಳಿದು ಓಡಿ, ವಾಚ್‌ಮನ್‌ನನ್ನೂ ಕೆಳಗಿನ ಇಸ್ತ್ರಿಯವನನ್ನೂ ಕರೆತಂದಿದ್ದಳು. ಅವರಿಬ್ಬರೂ ಅವಳ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಇಳಿಯುತ್ತಿದ್ದರು. ಅವರ ತಲೆ ಒಂದು ಕಡೆಗೆ ವಾಲಿತ್ತು. ಅಕ್ಕ ಹಿಂದಿನಿಂದ ಅದನ್ನು ಹಿಡಿದುಕೊಂಡಿದ್ದಳು. ನಾನು ಮತ್ತೆ ಅದೇ ಕಿಂಡಿಯಲ್ಲಿ ನೋಡಿದೆ.

ಅವರಿಗೆ ಪಾರ್ಶ್ವವಾಯು ಹೊಡೆದಿತ್ತು. ಬಲಗೈ, ಬಲಗಾಲು ಹೋದವು, ಮಾತು ಹೋಯಿತು. ಹತ್ತು ನಿಮಿಷ ಮೊದಲು ಆಸ್ಪತ್ರೆಗೆ ಹೋಗಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ ಎಂದು ಯಾರೂ ಹೇಳಲಿಲ್ಲ. ನಾನೂ ಯಾರನ್ನೂ ಕೇಳಲಿಲ್ಲ. ಅಕ್ಕ ಕೆಲಸ ಬಿಟ್ಟಳು. ಅವ್ವ ದಿನವೂ ಅವರ ಮನೆಗೆ ಊಟದ ಡಬ್ಬಿ ಕೊಟ್ಟು ಬರುತ್ತಿದ್ದಳು. ನಿಮ್ಮ ಮಗಳು ಒಳಗಿದ್ದೂ ಬಾಗಿಲು ತೆರೆಯಲಿಲ್ಲ ಎಂದು ಅಕ್ಕ ಅವ್ವನಿಗೆ ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಅವಳು ಹೇಳಲಿಲ್ಲ. ಅವತ್ತು ಬಾಗಿಲಾಚೆ ನಿಂತಿದ್ದ ಅವಳಿಗೆ ನನ್ನ ಕೋಣೆಯಿಂದ ಆಟದ ಸದ್ದು ಖಂಡಿತ ಕೇಳಿರಬೇಕು…

ಒಂದು ವರ್ಷದ ಮೇಲೆ ಅವಳ ಅಪ್ಪ ತೀರಿಕೊಂಡರು. ಬಾಡಿಗೆಯ ಮನೆ ಬಿಟ್ಟು ಅಕ್ಕ ಊರಿಗೆ, ಸೋದರಮಾವನ ಮನೆಗೆ ಹೋದಳು. ಅವಳು ಹೊರಡುವ ದಿನ ನಾನು ಬೆಳಿಗ್ಗೆಯೇ ಕಾಲೇಜಿಗೆ ಹೋಗಿ, ಕತ್ತಲಾಗುವ ಮೊದಲು ಮನೆಗೆ ಬರಲಿಲ್ಲ.

ತಪ್ಪು ಮಾಡಿದೆನೆಂಬುದು ಗೊತ್ತಿದ್ದರೂ ನಾನು ಅದರ ಕೆಳಗೆ ಕುಸಿಯಲಿಲ್ಲ. ನನಗೊಂದು ಆಸರೆ ಇತ್ತು. ಮೊದಲು ಬಾಗಿಲು ಹಾಕಿದ್ದು ಅವಳು. ಮನಸ್ಸು ಚುಚ್ಚಿದಾಗಲೆಲ್ಲ ಆ ಮಾತನ್ನು ಹಿಡಿದುಕೊಳ್ಳುತ್ತಿದ್ದೆ. ಆ ಸರಣಿಯ ಏಳೂ ಭಾಗಗಳನ್ನು ಆಡಿದೆ. ಆಫೀಸಿನಲ್ಲಿ ಯಾರಾದರೂ ಯಾವುದು ಇಷ್ಟ ಎಂದು ಕೇಳಿದರೆ ಐದನೆಯದು ಎನ್ನುತ್ತಿದ್ದೆ. ಅವರೆಲ್ಲ ತಾವು ಮೊದಲು ಆಡಿದ್ದನ್ನೇ ಹೇಳುತ್ತಿದ್ದರು. ಅದು ಬರೀ ಹಳೆಯ ಮೋಹ ಎಂದು ನಾನು ಜೋರಾಗಿ ವಾದಿಸುತ್ತಿದ್ದೆ. ಮೂರು ವರ್ಷದ ಹಿಂದೆ ಎರಡನೆಯ ಭಾಗವನ್ನು ಹೊಸದಾಗಿ ಮಾಡಿ ಬಿಟ್ಟಾಗ ಮಾತ್ರ ಯಾರಿಗೂ ಹೇಳದೆ ತರಿಸಿದೆ. ಚಿತ್ರಗಳು ಬಹಳ ಚೆಂದ ಇದ್ದವು. ಎಲ್ಲರಿಗೂ ಧ್ವನಿ ಕೊಟ್ಟಿದ್ದರು. ದೋಣಿಯ ಮುದುಕ ಬಂದು ಗಂಭೀರವಾದ ಇಂಗ್ಲಿಷಿನಲ್ಲಿ ಮಾತಾಡಿದ. ನಾನು ಹೊಳೆ ದಾಟಲಿಲ್ಲ.

ಕಳೆದ ವರ್ಷ ಹಳೆಯ ಬಿಲ್ಡಿಂಗಿನ ವಾಟ್ಸ್ಆ್ಯಪ್ ಗುಂಪಿನಲ್ಲಿ, ಅಕ್ಕ ಊರಿನಲ್ಲಿ ತೀರಿಕೊಂಡಳೆಂದು ಎರಡು ಸಾಲು ಬಂತು. ಅದರ ಕೆಳಗೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದ್ದರು. ನಾನೂ ಒಂದು ಹಾಕಿ, ಕೆಲಸಕ್ಕೆ ಹಿಂದಿರುಗಿದೆ.

ಕುರ್ಲಾದಿಂದ ಬಂದ ಸಂಜೆ ಅವ್ವ ಮೆಂತ್ಯ ಸೊಪ್ಪು ಸೋಸುತ್ತ ಕೂತಿದ್ದಳು. ಮಿಕ್ಸರ್ ಇಟ್ಟು, ಅಂಗಡಿಯಲ್ಲಿ ನೋಡಿದ ಮಾನಿಟರ್ ವಿಷಯ ಹೇಳಿದೆ. ಮಾತಿಗೆ ಮಾತು ಬಂದು, ಆ ಅಕ್ಕ ನನ್ನನ್ನು ಬಿಟ್ಟು ಆಟ ಮುಗಿಸಿದಳು, ಅದನ್ನು ಮರೆಯಲು ನನಗೆ ಆಗಲೇ ಇಲ್ಲ ಎಂದೆ. ಅವ್ವ ಕೈ ನಿಲ್ಲಿಸಲಿಲ್ಲ.

"ಅಕಿ ಎಲ್ಲಿ ಮುಗಿಸಿದ್ಲು? ನಾನ ಹೇಳಿದ್ದೆ ಅಕಿಗಿ. ಹತ್ತನೇತ್ತೆ ಪರೀಕ್ಷಾ ಅದ, ಇನ್ನ ಕರೀಬ್ಯಾಡವಾ ಅಂದೆ. ಮುಗೀತು ಅಂತ ಹೇಳಿಬಿಡು, ಇಲ್ಲಾಂದ್ರ ದಿನಾ ನಿನ್ನ ಬಾಗಲಾಗ ಬಂದು ನಿಂದರ್ತಾಳ ಅಂದೆ."

ಅವ್ವ ಒಂದು ಹಳದಿ ಎಲೆಯನ್ನು ಆರಿಸಿ ಬೇರೆ ಇಟ್ಟಳು.

"ಇನ್ನೊಂದ ಶನಿವಾರ ಕೊಡ್ರಿ ಆಂಟಿ, ಒಂದ ತಾಸಿಂದು ಉಳದದ ಅಂದ್ಲು. ಭಾಳ ಕೇಳಿಕೊಂಡ್ಲು. ನಾ ಒಲ್ಲೆ ಅಂದೆ."

ಯಾಕೆ ಇಷ್ಟು ವರ್ಷ ನನಗೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿ ಏರಿತ್ತು. ಅವ್ವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಅದು ಹೇಳುವಂಥ ಮಾತೇ ಎಂದಳು. ನನ್ನ ಓದಿಗಾಗಿ ಮಾಡಿದ್ದು, ನಾನು ಪಾಸಾಗಲಿಲ್ಲವೇ, ನೌಕರಿ ಹಿಡಿಯಲಿಲ್ಲವೇ ಎಂದಳು. ನಾನು ಇಂಗ್ಲಿಷ್ ಕಲಿತದ್ದೇ ಆ ಮನೆಯಲ್ಲಿ ಎಂದು ಹೇಳಲು ಹೋದೆ. ಹೇಳಿ ಏನಾಗಬೇಕಿತ್ತು… ಅವ್ವನಿಗೆ ಈಗ ಎಪ್ಪತ್ತು ಸಮೀಪ. ಅವಳ ಮೇಲೆ ಕೂಗಾಡಿದ್ದರೆ ನನ್ನ ಸಿಟ್ಟಿಗೆ ಹೊಸ ಜಾಗವೊಂದು ಸಿಗುತ್ತಿತ್ತು, ಅಷ್ಟೇ. ಹಿರಿಯಳ ಮಾತಿಗೆ ಕಟ್ಟುಬಿದ್ದು ಒಂದು ಸುಳ್ಳು ಹೇಳಿದ ಅಕ್ಕ, ಆ ಸುಳ್ಳಿಗೆ ನಾನು ಕೊಟ್ಟ ಶಿಕ್ಷೆಯನ್ನೆಲ್ಲ ಬಾಯಿ ಮುಚ್ಚಿಕೊಂಡು ತೆಗೆದುಕೊಂಡಿದ್ದಳು. ನನ್ನ ಆಸರೆಯ ಮಾತು ಸೊಪ್ಪು ಸೋಸುವಷ್ಟು ಹೊತ್ತಿನಲ್ಲಿ ಹೋಯಿತು. ಗಾಜಿನ ಕಿಂಡಿಯ ಆ ಮಧ್ಯಾಹ್ನ ಒಂದೇ ಉಳಿಯಿತು. ಅದನ್ನು ಅವ್ವನಿಗೆ ಹೇಳಲು ನನ್ನಿಂದ ಆಗಲಿಲ್ಲ, ಈ ತನಕವೂ ಆಗಿಲ್ಲ.

ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡುತ್ತ ಅವ್ವ, ಆ ಹುಡುಗಿಗೆ ಏನಾಗಿತ್ತಂತೆ, ಹೇಗೆ ತೀರಿಕೊಂಡಳಂತೆ ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲ. ಮದುವೆಯಾಗಿದ್ದಳೇ, ಮಕ್ಕಳಿದ್ದರೇ, ಮತ್ತೆಲ್ಲಾದರೂ ಕೆಲಸಕ್ಕೆ ಹೋದಳೇ, ಒಂದೂ ಗೊತ್ತಿರಲಿಲ್ಲ. ಗುಂಪಿನಲ್ಲಿ ಆ ಸುದ್ದಿ ಹಾಕಿದವರಿಗೆ ಅಂದೇ ಬರೆದು ಕೇಳಿದೆ. ಅವರು ಈಗ ಪುಣೆಯಲ್ಲಿದ್ದಾರೆ. ಮರುದಿನ ಉತ್ತರ ಬಂತು: ತಮಗೂ ಯಾರೋ ಕಳಿಸಿದ್ದರು, ಯಾರೆಂದು ನೆನಪಿಲ್ಲ, ಆ ಮನೆಯವರ ನಂಬರ್ ಯಾರ ಬಳಿಯೂ ಇಲ್ಲ. ಕೊನೆಯಲ್ಲಿ, ನಿಮಗೆ ಅವರು ತುಂಬಾ ಆಪ್ತರಾಗಿದ್ದರೇ ಎಂದು ಕೇಳಿದ್ದರು.

ಹೌದು ಎಂದು ಬರೆದೆ. ಆಮೇಲೆ ಅದನ್ನು ಅಳಿಸಿ, ನೆರೆಮನೆಯವರು ಎಂದು ಬರೆದು ಕಳಿಸಿದೆ.