ಡೆನ್ಮಾರ್ಕಿನ ರಾಜಕುಮಾರಿಯೂ ನಮ್ಮ ಅಕ್ಕನೂ

ನಾನು ಚಿಕ್ಕವಳಿದ್ದಾಗ, ಅಂದರೆ ನಿಮ್ಮಿಬ್ಬರಲ್ಲಿ ದೊಡ್ಡವಳು ಈಗ ಇರುವಷ್ಟು ಇದ್ದಾಗ, ಡೆನ್ಮಾರ್ಕ್ ದೇಶದ ಬಗ್ಗೆ ಹನ್ನೆರಡು ಸಾಲು ನನಗೆ ಬಾಯಿಪಾಠವಿತ್ತು. ಆ ದೇಶ ಎಲ್ಲಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಹೋದ ಶನಿವಾರ ಇಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್‌ನ ದಡದಲ್ಲಿ ನಿಂತು, "ಅಜ್ಜಿ, ಲುಕ್, ಅದು ಡೆನ್ಮಾರ್ಕ್" ಎಂದು ನೀವು ನೀರಿನಾಚೆ ಕೈ ತೋರಿಸಿದಿರಲ್ಲ, ಆಗ ಅರವತ್ತು ವರ್ಷದ ಹಿಂದಿನ ಆ ಸಾಲುಗಳು ತಾವಾಗಿಯೇ ಬಾಯಿಗೆ ಬಂದವು. ಅದರ ಹಿಂದಿನ ಕತೆಯನ್ನು ನಿಮ್ಮ ಮುಂದೆ ಹೇಳಲು ನನ್ನ ನಾಲಿಗೆ ಹೊರಳಲಿಲ್ಲ. ಬರೆಯುವುದು ಸುಲಭ.

ನಮ್ಮದು ರೇಷ್ಮೆಹುಳು ಸಾಕುವ ಮನೆ. ಹಜಾರದ ತುಂಬ ಬಿದಿರಿನ ತಟ್ಟೆಗಳು, ಅವುಗಳಲ್ಲಿ ಬೆರಳುದ್ದದ ಬಿಳಿ ಹುಳುಗಳು. ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ ನಮ್ಮ ಬಟ್ಟೆಗೆ, ತಲೆಗೂದಲಿಗೆ ಅಂಟಿಕೊಂಡೇ ಇರುತ್ತಿತ್ತು. ಹುಳುಗಳು ದೊಡ್ಡವಾದ ಮೇಲೆ ಹಗಲು ರಾತ್ರಿ ತಿನ್ನುತ್ತವೆ. ಕಿವಿಗೊಟ್ಟರೆ ಸಣ್ಣ ಸೋನೆ ಹಿಡಿದ ಹಾಗೆ ಸದ್ದು ಕೇಳುತ್ತದೆ. ನಾವು ಮಲಗುತ್ತಿದ್ದುದು ಆ ಸದ್ದಿನ ನಡುವೆ.

ಅಕ್ಕನಿಗೆ ಆಗ ಹದಿಮೂರು. ಅವಳು ದೊಡ್ಡವಳಾದಳೆಂದು ಅಪ್ಪ ಶಾಲೆ ಬಿಡಿಸಿದ್ದರು. ಏಳನೇ ಕ್ಲಾಸಿನ ಪರೀಕ್ಷೆಗೆ ಇನ್ನು ಕೆಲವೇ ತಿಂಗಳು ಉಳಿದಿತ್ತು. ಮೇಷ್ಟ್ರು ಎರಡು ಸಲ ಮನೆಗೆ ಬಂದು ಕೇಳಿದರು.

"ಸೊಪ್ಪು ಕುಯ್ಯೋರ್ಯಾರು ಮೇಷ್ಟ್ರೇ? ಹುಳ ಏನು ರಜಾ ತಗೊಂಡವಾ?" ಎಂದರು ಅಪ್ಪ. ಅಪ್ಪ ಕೆಟ್ಟವರಲ್ಲ. ಮೇಷ್ಟ್ರು ಏಳದೆ ಕೂತದ್ದನ್ನು ನೋಡಿ, "ಇಸ್ಕೂಲ್ ಇನಿಸ್ಪೆಟ್ರೇ ಬಾಯ್ಬಿಟ್ಟು ಹೇಳ್ಲಿ, ಕಳಿಸ್ತೀನಿ" ಎಂದು ನಕ್ಕರು. ಅಷ್ಟು ದೊಡ್ಡವರು ನಮ್ಮ ಮನೆಯ ಹುಡುಗಿಯ ವಿಷಯ ಎಲ್ಲಿ ಮಾತಾಡುತ್ತಾರೆ ಎಂಬ ಧೈರ್ಯ ಅವರದು.

ಮೇಷ್ಟ್ರು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಶಾಲೆಗೆ ಇನ್‌ಸ್ಪೆಕ್ಟರು ಬರುವ ದಿನ ಹತ್ತಿರದಲ್ಲಿತ್ತು. ಯಾವುದೋ ವಾರಪತ್ರಿಕೆಯಲ್ಲಿ ಬಂದಿದ್ದ ಒಬ್ಬ ರಾಜಕುಮಾರಿಯ ಬಾಲ್ಯದ ಕತೆಯನ್ನು ಕತ್ತರಿಸಿ, ಹನ್ನೆರಡು ಸಾಲಿನ ಪಾಠ ಮಾಡಿ, ಒಪ್ಪಿಸಲು ನನಗೆ ಕೊಟ್ಟರು. ಡೆನ್ಮಾರ್ಕಿನ ರಾಜಕುಮಾರಿ ಹುಟ್ಟಿದಾಗ ಅವಳ ದೇಶ ಪರರ ಕೈಯಲ್ಲಿತ್ತು. ಅವಳ ತಾಯಿ ಸ್ವೀಡನ್ ದೇಶದಿಂದ ಬಂದವಳು. ತಂದೆ ಹಡಗು ನಡೆಸಬಲ್ಲ ರಾಜ. ಮನೆಯಲ್ಲಿ ಮೂವರೂ ಹೆಣ್ಣುಮಕ್ಕಳು. ಹೆಣ್ಣುಮಗಳು ಸಿಂಹಾಸನ ಏರುವಂತಿಲ್ಲ ಎಂಬ ಕಾನೂನು ಅಲ್ಲಿತ್ತು. ಹಿರಿಯ ಮಗಳಿಗೆ ಹದಿಮೂರು ತುಂಬಿದಾಗ ಜನರೇ ಮತ ಹಾಕಿ ಆ ಕಾನೂನನ್ನು ಬದಲಿಸಿದರು. ಸ್ವೀಡನ್ ಎಂಬ ಹೆಸರನ್ನು ನಾನು ಮೊದಲು ಹೇಳಿದ್ದು ಹಾಗೆ, ಹುಳುಗಳ ಮುಂದೆ ಕೂತು.

ಹೇಳಿಕೊಟ್ಟವಳು ಅಕ್ಕ. ನನಗೆ ಒಂದು ಸಾಲು ಬಂದರೆ ಇನ್ನೊಂದು ಮರೆಯುತ್ತಿತ್ತು. ಅವಳು ತಟ್ಟೆ ತಟ್ಟೆಗೂ ಸೊಪ್ಪು ಉದುರಿಸುತ್ತ, ಒಂದೊಂದು ತಟ್ಟೆಗೆ ಒಂದೊಂದು ಸಾಲು ಎಂದು ಲೆಕ್ಕ ಹಾಕಿಕೊಟ್ಟಳು. ಕಾನೂನಿನ ಸಾಲು ಬಂದಾಗಲೆಲ್ಲ ಅವಳ ಕೈ ನಿಲ್ಲುತ್ತಿತ್ತು.

"ಅವ್ಳಿಗೂ ಹದಿಮೂರು, ನಂಗೂ ಹದಿಮೂರು. ಅವ್ಳಿಗೆ ಒಂದು ದೇಶವೇ ಒಪ್ಪಬೇಕಾಯ್ತು ನೋಡು. ನಂಗೆ ಅಪ್ಪ ಒಬ್ರು ಒಪ್ಪಿದ್ರೆ ಸಾಕು" ಎಂದು ಒಮ್ಮೆ ಅಂದಳು.

ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಮೇಷ್ಟ್ರು ನನ್ನನ್ನು ಕರೆದು ಹೇಳಿದರು. "ಪಾಠ ಒಪ್ಪಿಸಿದ್ಮೇಲೆ ಯಾರು ಹೇಳ್ಕೊಟ್ಟಿದ್ದು ಅಂತ ಸಾಹೇಬ್ರು ಕೇಳೇ ಕೇಳ್ತಾರೆ. ನಮ್ಮಕ್ಕ ಅನ್ನು. ಅವಳೆಲ್ಲಿ ಅಂತಾರೆ. ಮಿಕ್ಕಿದ್ದು ನಾನು ನೋಡ್ಕೋತೀನಿ. ನಿಮ್ಮಪ್ಪನೂ ಅಲ್ಲೇ ಇರ್ತಾರೆ."

ಒಂದೇ ಒಂದು ಮಾತು, ನಮ್ಮಕ್ಕ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ.

ಮರುದಿನ ಶಾಲೆಯ ನೆಲ ಸಾರಿಸಿ ಇನ್ನೂ ಒದ್ದೆಯಿತ್ತು. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿದ್ದರು. ಅಪ್ಪ ಹೆಗಲ ಟವೆಲನ್ನು ಕೈಗೆ ತೆಗೆದುಕೊಂಡು ಬಾಗಿಲ ಪಕ್ಕ ನಿಂತಿದ್ದರು. ಕಿಟಕಿಯ ಆಚೆ ಅಕ್ಕ, ಸೊಂಟದಲ್ಲಿ ಸೊಪ್ಪಿನ ಕುಕ್ಕೆ. ತೋಟದಿಂದ ಮನೆಗೆ ಹೋಗುವವಳಂತೆ ಬಂದು, ಅಲ್ಲೇ ನಿಂತುಬಿಟ್ಟಿದ್ದಳು. ಇನ್‌ಸ್ಪೆಕ್ಟರು ಬೆಳ್ಳಗಿನ ಕೋಟು ಹಾಕಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಕೋಟಿನ ಗುಂಡಿಗಳನ್ನು ನೋಡುತ್ತ, ಮನಸ್ಸಿನಲ್ಲಿ ತಟ್ಟೆಗಳನ್ನು ಎಣಿಸುತ್ತ ಹನ್ನೆರಡು ಸಾಲನ್ನೂ ಒಪ್ಪಿಸಿದೆ. ಎಲ್ಲೂ ತಡವರಿಸಲಿಲ್ಲ.

"ಭೇಷ್. ಯಾರಮ್ಮ ಹೇಳಿಕೊಟ್ಟಿದ್ದು?"

"ನಮ್ಮ ಮೇಷ್ಟ್ರು, ಸಾರ್."

ಒಂದನೇ ಕ್ಲಾಸಿನಿಂದಲೂ ನಮಗೆ ಕಲಿಸಿದ್ದು ಅದನ್ನೇ. ಸಾಹೇಬರು ಯಾರು ಹೇಳಿಕೊಟ್ಟರು ಎಂದು ಕೇಳಿದರೆ ಕೈಕಟ್ಟಿ ನಿಂತು ಹಾಗೆ ಹೇಳಬೇಕು. ಹಾಗೆ ಹೇಳದವರಿಗೆ ಮರ್ಯಾದೆ ಗೊತ್ತಿಲ್ಲ ಎಂದು ಅರ್ಥ. ಕೈ ತಾನಾಗಿ ಕಟ್ಟಿಕೊಂಡಿತು, ಬಾಯಿ ತಾನಾಗಿ ಹೇಳಿತು.

ಮೇಷ್ಟ್ರ ತುಟಿ ಅಲುಗಿದ್ದನ್ನು ನಾನು ಕಂಡೆ. ಅಷ್ಟರಲ್ಲಿ ಸಾಹೇಬರು ಅವರ ಬೆನ್ನು ತಟ್ಟಿ, "ಹಳ್ಳಿ ಮಕ್ಕಳಿಗೆ ಇಂಥದ್ದೆಲ್ಲ ಕಲಿಸ್ತೀರಲ್ಲ, ಸಂತೋಷ" ಎಂದರು. ಮೇಷ್ಟ್ರು ತಲೆ ತಗ್ಗಿಸಿ ಕೈಮುಗಿದರು. ನನಗೆ ಒಂದು ಹೊಸ ಪೆನ್ಸಿಲ್ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕಿಟಕಿ ಕಡೆ ತಿರುಗಿದಾಗ ಅಲ್ಲಿ ಯಾರೂ ಇರಲಿಲ್ಲ. ಕಂಬಿಗೆ ಒಂದು ಹಿಪ್ಪುನೇರಳೆ ಎಲೆ ಸಿಕ್ಕಿಕೊಂಡಿತ್ತು.

"ಚೆನ್ನಾಗಿ ಹೇಳ್ದೆ ಕಣವ್ವ" ಎಂದರು ಅಪ್ಪ ದಾರಿಯಲ್ಲಿ. ಹೇಳಿಕೊಟ್ಟವಳು ಅಕ್ಕ ಎಂದು ನಾನು ಹೇಳಲಿಲ್ಲ. ಮನೆ ಮುಟ್ಟುವ ತನಕ ಹೇಳಬಹುದಿತ್ತು. ಮನೆ ಮುಟ್ಟಿದ ಮೇಲೂ ಹೇಳಬಹುದಿತ್ತು.

ಅಕ್ಕ ಸಂಜೆಯ ಸೊಪ್ಪು ಹೆಚ್ಚುತ್ತಿದ್ದಳು. ತಲೆ ಎತ್ತದೆ, "ಬಂದ್ರಾ ರಾಜಕುಮಾರಿಯೋರು? ಕೈ ತೊಳ್ಕೊಂಡು ಬನ್ನಿ. ನಿಮ್ಮ ಪ್ರಜೆಗಳು ಹಸ್ಕೊಂಡವೆ" ಎಂದಳು. ನಾನು ಬಿಕ್ಕಿದೆ. "ಅಳೋದಾದ್ರೆ ಆಚೆ ಹೋಗು. ಸೊಪ್ಪು ನೆಂದ್ರೆ ಹುಳಕ್ಕೆ ರೋಗ ಬರುತ್ತೆ" ಎಂದಳು.

ಆ ದಿನ ಮಲಗುವ ಮುಂಚೆ ಪೆನ್ಸಿಲನ್ನು ಅವಳ ದಿಂಬಿನ ಕೆಳಗೆ ಇಟ್ಟೆ. ಬೆಳಿಗ್ಗೆ ಅದು ನನ್ನ ಚೀಲದಲ್ಲಿತ್ತು. ಸೊಪ್ಪು ಹೆಚ್ಚುವ ಕತ್ತಿಯಿಂದ ನುಣ್ಣಗೆ ಚೂಪು ಮಾಡಿಟ್ಟಿದ್ದಳು.

ಮುಂದಿನ ವರ್ಷ ಅಕ್ಕನ ಮದುವೆಯಾಯಿತು. ಏಳನೇ ಕ್ಲಾಸು ಮುಗಿಸಿದವಳು ನಾನು. ನಾವಿಬ್ಬರೂ ಆ ದಿನದ ಮಾತನ್ನು ಇವತ್ತಿನವರೆಗೂ ಎತ್ತಿಲ್ಲ.

ಮಕ್ಕಳೇ, ಇಲ್ಲಿ ನೀವು ಟೀಚರನ್ನು ಹೆಸರು ಹಿಡಿದು ಕರೆಯುತ್ತೀರಿ. "ನೀವು ಹೇಳಿದ್ದು ತಪ್ಪು" ಎಂದು ಅವರಿಗೇ ಹೇಳಿ ಬಂದೆ ಎಂದು ನಮ್ಮ ಚಿಕ್ಕವನು ಊಟದ ಹೊತ್ತಿನಲ್ಲಿ ಹೇಳಿದಾಗ ನನ್ನ ಕೈಯ ತುತ್ತು ಕೈಯಲ್ಲೇ ನಿಂತಿತ್ತು. ಯಾರ ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳು ಎಂದು ಇಲ್ಲಿ ಯಾರೂ ಎಣಿಸುವುದಿಲ್ಲ. ನಿಮ್ಮ ಶಾಲೆಯ ಕಿಟಕಿಗಳು ದೊಡ್ಡವು, ಗಾಜಿನವು. ಅವುಗಳ ಆಚೆ ನಿಂತು ಪಾಠ ಕೇಳುವ ಹುಡುಗಿಯನ್ನು ನಾನು ಇನ್ನೂ ಕಂಡಿಲ್ಲ.

ದಡದಲ್ಲಿ ನನ್ನ ಹನ್ನೆರಡು ಸಾಲು ಕೇಳಿ ದೊಡ್ಡವಳು ಬೆರಗಾಗಿ, "ಅಜ್ಜಿ, ಇದೆಲ್ಲ ನಿಂಗೆ ಯಾರು ಟೀಚ್ ಮಾಡಿದ್ದು?" ಎಂದು ಕೇಳಿದಳು. ನಾನು ತಟ್ಟನೆ, "ನಮ್ಮ ಮೇಷ್ಟ್ರು" ಎಂದೆ. ಅರವತ್ತು ವರ್ಷವಾದರೂ ಅದೇ ಉತ್ತರ. ಮನೆಗೆ ಬರುವ ತನಕ ಕಾರಿನಲ್ಲಿ ನಾನು ಶಾಲಿನಲ್ಲಿ ಮುಖ ಮುಚ್ಚಿಕೊಂಡು ಕೂತದ್ದು ಚಳಿಗಲ್ಲ.

ಪ್ರತಿ ಭಾನುವಾರ ಫೋನಿನಲ್ಲಿ ಬರಿ ಹಣೆ ತೋರಿಸಿಕೊಂಡು ನಿಮ್ಮ ಜೊತೆ ಮಾತಾಡುವ ದೊಡ್ಡಜ್ಜಿಯೇ ನನ್ನ ಅಕ್ಕ. ಈ ಭಾನುವಾರ ಅವಳು ಫೋನಿಗೆ ಬಂದಾಗ ನಿಮ್ಮಮ್ಮ ಇದನ್ನು ಓದಿ ಹೇಳಲಿ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಓದಿ ಮುಗಿದ ಮೇಲೆ ದಡದಲ್ಲಿ ಕೇಳಿದ ಆ ಪ್ರಶ್ನೆಯನ್ನು ನನಗೆ ಇನ್ನೊಂದು ಸಲ ಕೇಳಿ. ಅವಳಿಗೆ ಈಗ ಕಿವಿ ಸ್ವಲ್ಪ ಮಂದ. ನಾನು ಗಟ್ಟಿಯಾಗಿಯೇ ಹೇಳುತ್ತೇನೆ.